ಕೆಜಿಎಫ್ ತೋರಿಸಿ, ಗಣಿಯಲ್ಲಿ ದುಡಿದವರಿಂದಲೇ ತೋರಿಸಿ: ಒಂದು ಬಹಿರಂಗ ಪತ್ರ

ಕರ್ನಾಟಕ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ, ಕೇಂದ್ರ ಗಣಿ ಸಚಿವಾಲಯದವರಿಗೆ, ರಾಬರ್ಟ್‌ಸನ್‌ಪೇಟೆ ನಗರಸಭೆಗೆ, ಮತ್ತು ಕೆಜಿಎಫ್‌ನ ಜನರಿಗೆ,

ಮಾನ್ಯರೇ,

ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ನೋಡಬೇಕು ಅಂತ ಜನ ಬರುತ್ತಿದ್ದಾರೆ. ಸಿನಿಮಾ ಬಂದ ಮೇಲಂತೂ ಜಾಸ್ತಿ. ಬೆಂಗಳೂರಿನಿಂದ ಬೆಳಗ್ಗೆ ಬೈಕ್ ಹತ್ತುತ್ತಾರೆ, ಚಿನ್ನ ತೆಗೆದು ಉಳಿದ ಪುಡಿ ಮಣ್ಣಿನ ಸೈನೈಡ್ ದಿಬ್ಬದ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ, ಊಟ ಮಾಡಿ ವಾಪಸ್ ಹೋಗುತ್ತಾರೆ. ಗಣಿಯ ಬಾಯಿ ಎಲ್ಲಿತ್ತು, ಒಳಗೆ ಇಳಿದವರು ಯಾರು, ಆ ದಿಬ್ಬ ಯಾಕೆ ಅಲ್ಲಿದೆ ಅಂತ ಅವರಿಗೆ ಹೇಳುವವರು ಸಿಗುವುದಿಲ್ಲ. ಹೇಳಬಲ್ಲವರು ಅಲ್ಲೇ ನೂರು ಹೆಜ್ಜೆ ದೂರದಲ್ಲಿ, ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ಕೂತಿರುತ್ತಾರೆ. ಇಬ್ಬರೂ ಭೇಟಿಯಾಗುವುದೇ ಇಲ್ಲ.

ನನ್ನ ಬೇಡಿಕೆ ಇಷ್ಟು. ಕೆಜಿಎಫ್‌ನಲ್ಲಿ ಎರಡು ಬಗೆಯ ಪ್ರವಾಸ ಶುರು ಮಾಡಿ. ಒಂದು, ಗಣಿಯಲ್ಲಿ ದುಡಿದವರೇ ಜೊತೆಗೆ ಬಂದು ತೋರಿಸುವುದು. ಇನ್ನೊಂದು, ನಕ್ಷೆ ಹಿಡಿದು, ಫಲಕ ಓದಿಕೊಂಡು ಜನ ತಾವೇ ನಡೆದು ನೋಡುವುದು. ಎರಡರಲ್ಲೂ ಸಾಹೇಬರ ಬಂಗಲೆ ಮತ್ತು ಕೆಲಸಗಾರರ ಲೈನು ಒಂದೇ ದಾರಿಯಲ್ಲಿ ಬರಬೇಕು. ಈ ಕೊನೆಯ ಮಾತಿಗಾಗಿಯೇ ಮುಖ್ಯವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಕೆಜಿಎಫ್ ಒಂದು ಕಂಪನಿ ಕಟ್ಟಿದ ಊರು. ಐರ್ಲೆಂಡ್ ಮೂಲದ ಮೈಕೆಲ್ ಲವೆಲ್ಲೆ ಸೈನ್ಯದಿಂದ ಬಿಡುಗಡೆಯಾಗಿ ಬೆಂಗಳೂರಿನಲ್ಲಿದ್ದವರು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಈ ಭಾಗದ ಚಿನ್ನದ ಬಗ್ಗೆ ಕಲೆಹಾಕಿದ್ದ ಮಾಹಿತಿ ಓದಿ ಇಲ್ಲಿಗೆ ಬಂದರು. 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದರು. ಬೆಂಗಳೂರಿನ ಲವೆಲ್ಲೆ ರಸ್ತೆ ಅವರ ಹೆಸರಿನದೇ. ಆದರೆ ನಿಜವಾಗಿ ಗಣಿ ಬೆಳೆದದ್ದು 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ನಾಲ್ಕು ದೊಡ್ಡ ಗಣಿಗಳು ಎದ್ದವು. ಅವುಗಳ ಸುತ್ತ ಊರು ಎದ್ದಿತು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಕ್ಲಬ್ಬು ಕಂಪನಿಯದು. ಬೇತಮಂಗಲದಿಂದ ಬರುತ್ತಿದ್ದ ಪಾಲಾರ್ ನೀರು ಕೂಡ ಕಂಪನಿಯ ಕೊಳಾಯಿಯಲ್ಲೇ ಬರುತ್ತಿತ್ತು.

1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು. ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ. ನಮ್ಮ ಪಠ್ಯಪುಸ್ತಕಗಳು ಈ ಸಂಗತಿಯನ್ನು ಹೆಮ್ಮೆಯಿಂದ ಹೇಳುತ್ತವೆ, ಹೇಳಲೇಬೇಕು ಕೂಡ. ಆದರೆ ಆ ತಂತಿ ಬಂದದ್ದು ಗಣಿಯ ಯಂತ್ರ ಓಡಿಸಲು ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು, ಅಲ್ವಾ?

ಕೆಜಿಎಫ್‌ಗೆ ‘ಲಿಟಲ್ ಇಂಗ್ಲೆಂಡ್’ ಅನ್ನುವ ಅಡ್ಡಹೆಸರಿದೆ. ಅಗಲ ವರಾಂಡದ ಬಂಗಲೆ, ಗಾಲ್ಫ್ ಮೈದಾನ, ಕ್ಲಬ್ಬು, ಚರ್ಚು. ಪ್ರವಾಸದ ಬರಹಗಳಲ್ಲಿ ಹೆಚ್ಚಾಗಿ ಕಾಣುವುದು ಇಷ್ಟೇ. ಈ ಬಂಗಲೆಗಳನ್ನು ರಿಪೇರಿ ಮಾಡಿ ಹೆರಿಟೇಜ್ ರೆಸಾರ್ಟ್ ಮಾಡಿದರೆ ಊರು ಉದ್ಧಾರವಾಗುತ್ತದೆ ಅನ್ನುವ ಮಾತೂ ಆಗಾಗ ಕೇಳುತ್ತದೆ. ಬಂಗಲೆ ರಿಪೇರಿಯಾಗಲಿ, ನನಗೆ ಖುಷಿಯೇ. ಮಳೆಗೆ ಬಿದ್ದುಹೋಗುವುದಕ್ಕಿಂತ ಯಾರಾದರೂ ಉಳಿಸುವುದು ಒಳ್ಳೆಯದು. ಆದರೆ ಪ್ರವಾಸ ಅಲ್ಲಿಗೇ ನಿಂತರೆ ನಾವು ಅರ್ಧ ಊರನ್ನು ಮುಚ್ಚಿಟ್ಟು ಉಳಿದರ್ಧಕ್ಕೆ ಟಿಕೆಟ್ ಹರಿದಂತೆ ಆಗುತ್ತದೆ.

ಮುಚ್ಚಿಟ್ಟ ಆ ಅರ್ಧ ಯಾವುದು? ಈಗಿನ ತಮಿಳುನಾಡಿನ ಉತ್ತರ ಆರ್ಕಾಟಿನ ಕಡೆಯಿಂದ ಬರಗಾಲಕ್ಕೂ ಜಾತಿಯ ಕಾಟಕ್ಕೂ ಬೇಸತ್ತು ಬಂದವರು. ಅವರಲ್ಲಿ ಹೆಚ್ಚಿನವರು ದಲಿತರು. ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲುಸಾಲು ಲೈನು ಮನೆ. ಒಂದು ಕೋಣೆ, ಅದರಲ್ಲೇ ಅಡುಗೆ, ಅದರಲ್ಲೇ ಮಲಗುವುದು, ಅದರಲ್ಲೇ ಬಾಣಂತನ. ಒಂದು ಕಾಲದಲ್ಲಿ 30 ಸಾವಿರಕ್ಕೂ ಜಾಸ್ತಿ ಜನ ಈ ಗಣಿಗಳಲ್ಲಿ ದುಡಿದಿದ್ದಾರೆ. ಅವರು ಅಗೆದ ಆಳ ಎಷ್ಟು? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ದಾಟಿತ್ತು. ಅಷ್ಟು ಕೆಳಗೆ ಬಂಡೆಯ ಶಾಖ 60 ಡಿಗ್ರಿಗಿಂತ ಮೇಲೆ. ತಣ್ಣನೆ ಗಾಳಿ ಯಂತ್ರದಿಂದ ಒಳಗೆ ಬಿಟ್ಟರೆ ಮಾತ್ರ ಮನುಷ್ಯ ನಿಂತು ಕೆಲಸ ಮಾಡಬಹುದಿತ್ತು. ಬಂಡೆ ಮೇಲಿನ ಭಾರ ತಾಳದೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಇಲ್ಲಿಯ ಜನ ಅದನ್ನು ‘ಏರ್ ಬ್ಲಾಸ್ಟ್’ ಅನ್ನುತ್ತಾರೆ. ದೊಡ್ಡದಾದರೆ ಮೇಲಿನ ಮನೆಗಳ ಗೋಡೆಯೂ ಅದುರುತ್ತಿತ್ತು. ಅದುರಿದ ತಕ್ಷಣ ಹೆಂಗಸರು ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿನ ಕಡೆ ಓಡುತ್ತಿದ್ದರು, ಒಳಗೆ ಯಾವ ಶಿಫ್ಟು, ಯಾರ ಗಂಡ, ಯಾರ ಮಗ ಅಂತ. ಬದುಕಿ ಬಂದವರಲ್ಲಿ ಎಷ್ಟೋ ಜನರ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಸಿಲಿಕೋಸಿಸ್ ಅನ್ನುವ ಡಾಕ್ಟರ ಮಾತು ಇಲ್ಲಿ ಓದು ಬರದ ಅಜ್ಜಿಯರಿಗೂ ಗೊತ್ತು.

ಇಷ್ಟೆಲ್ಲ ಅನುಭವಿಸಿಯೂ ಅವರು ಸುಮ್ನೆ ಕೂತವರಲ್ಲ. 1930ರಲ್ಲಿ ಕೆಲಸಗಾರರೆಲ್ಲ ಬೆರಳಚ್ಚು ಕೊಡಬೇಕು ಅಂದಾಗ ನಾವೇನು ಕಳ್ಳರಾ ಅಂತ ಮುಷ್ಕರ ಹೂಡಿದರು. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಜೀವ ಕೊಟ್ಟರು. ತಮಿಳು ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂನಲ್ಲಿತ್ತು. 1954ರಲ್ಲಿ ಅಂಬೇಡ್ಕರ್ ಅವರೇ ಕೆಜಿಎಫ್‌ಗೆ ಬಂದಿದ್ದರು. ಈ ಇತಿಹಾಸ ಯಾವ ಬಂಗಲೆಯ ವರಾಂಡದಲ್ಲೂ ಕಾಣುವುದಿಲ್ಲ. ಲೈನುಗಳ ನಡುವೆ ನಡೆದರೆ ಮಾತ್ರ ಕಾಣುತ್ತದೆ.

ಇನ್ನೊಂದು ಸಂಗತಿ, ವಿಜ್ಞಾನ ಓದುವ ಮಕ್ಕಳಿಗಾಗಿ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರ್‌ಗೂ ಕೆಳಗೆ, ನಮ್ಮ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸಣ್ಣ ಕಣಗಳನ್ನು ಗುರುತಿಸಿದರು. ಜಗತ್ತಿನಲ್ಲಿ ಅಂಥ ಮೊದಲ ಕೆಲಸಗಳಲ್ಲಿ ಅದೂ ಒಂದು. ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ದಾಟಿ ಬರುತ್ತದೆ. ಹಾಗಾಗಿಯೇ ಅಷ್ಟು ಆಳಕ್ಕೆ ಹೋಗಿದ್ದು. ವಿಜ್ಞಾನಿಗಳು ಇಳಿದದ್ದೂ ಗಣಿ ಕೆಲಸಗಾರರು ಅಗೆದುಕೊಟ್ಟ ದಾರಿಯಲ್ಲೇ. ಕೋಲಾರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಎಷ್ಟು ಮಕ್ಕಳಿಗೆ ಇದು ಗೊತ್ತು? ನಾನು ಮೇಷ್ಟ್ರಾಗಿ ಕೇಳುತ್ತಿದ್ದೇನೆ. ಉತ್ತರ ನನಗೆ ಸಂಕಟ ತರುತ್ತದೆ.

ನಮ್ಮ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಇಲ್ಲಿಗೆ ಕರೆತರಬೇಕು ಅಂತ ಒಮ್ಮೆ ಹೊರಟೆ. ಒಂದು ಕಚೇರಿಯಲ್ಲಿ ಅನುಮತಿ ಕೇಳಿದರೆ ಇನ್ನೊಂದು ಕಚೇರಿಗೆ ಹೋಗಿ ಅಂದರು. ಅಲ್ಲಿ ಇದು ನಮ್ಮ ವ್ಯಾಪ್ತಿಯಲ್ಲ ಅಂದರು. ಬೇಡ ಅಂತ ಯಾರೂ ಹೇಳಲಿಲ್ಲ, ಬನ್ನಿ ಅಂತಲೂ ಹೇಳಲಿಲ್ಲ. ಕೊನೆಗೆ ಮಕ್ಕಳು ಕೋಟಿಲಿಂಗೇಶ್ವರಕ್ಕೆ ಹೋಗಿ ಬಂದರು. ಕಮ್ಮಸಂದ್ರದ ಆ ದೇವಸ್ಥಾನಕ್ಕೆ ದೂರದೂರದಿಂದ ಬಸ್ಸುಗಳು ಬರುತ್ತವೆ. ಅಲ್ಲಿಂದ ಕೆಜಿಎಫ್ ಕೆಲವೇ ಕಿಲೋಮೀಟರ್. ಅಷ್ಟು ಜನರಲ್ಲಿ ಹತ್ತರಲ್ಲಿ ಒಬ್ಬರಾದರೂ ಈ ಕಡೆ ತಿರುಗಿದರೆ ಈ ಊರಿನ ಎಷ್ಟೋ ಮನೆಗಳಿಗೆ ಆಸರೆಯಾಗುತ್ತದೆ.

ಈಗ ದಾರಿ ತೋರಿಸುವವರ ವಿಷಯ. ಗಣಿಯನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಆ ದಿನ 40 ವರ್ಷದವರಾಗಿದ್ದವರಿಗೆ ಈಗ 60 ದಾಟಿದೆ. 50 ಆಗಿದ್ದವರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ದಾರೆ. ಗಣಿಯ ಲಿಫ್ಟಾದ ಕೇಜಿನಲ್ಲಿ ನಿಂತು ಇಳಿದವರು, ಡ್ರಿಲ್ ಹಿಡಿದವರು, ಮದ್ದು ತುಂಬಿ ಬಂಡೆ ಒಡೆದವರು, ಕೇಜನ್ನು ಮೇಲೆ ಕೆಳಗೆ ಎಳೆಯುವ ವೈಂಡಿಂಗ್ ಇಂಜಿನ್ ನಡೆಸಿದವರು, ಮಿಲ್ಲಿನಲ್ಲಿ ಅದಿರು ಪುಡಿ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಫಲಕವನ್ನು ಹತ್ತು ವರ್ಷ ಬಿಟ್ಟು ಹಾಕಿದರೂ ನಡೆದೀತು. ಇವರಿಗೆ ಹತ್ತು ವರ್ಷ ಕಾಯುವ ವಯಸ್ಸಲ್ಲ.

ಇವರಿಗೆ ಪ್ರವಾಸಿ ಮಾರ್ಗದರ್ಶಿಯ ತರಬೇತಿ ಕೊಡಿ, ಗುರುತಿನ ಚೀಟಿ ಕೊಡಿ, ದಿನದ ಸಂಭಾವನೆ ಕೊಡಿ. ದಯವಿಟ್ಟು ಕಂಠಪಾಠ ಮಾಡಿಸಬೇಡಿ. ತಮಿಳು ಬೆರೆತ ಕನ್ನಡದಲ್ಲಿ, ತೆಲುಗು ಬೆರೆತ ಕನ್ನಡದಲ್ಲಿ, ಅವರಿಗೆ ಬರುವ ಹಾಗೆ ಹೇಳಲಿ. ಈ ಊರು ಮಾತಾಡುವುದೇ ಹಾಗೆ. ಹೆಂಗಸರನ್ನೂ ಸೇರಿಸಿಕೊಳ್ಳಿ. ಲೈನಿನಲ್ಲಿ ಸಂಸಾರ ನಡೆಸಿದ ಕಥೆ, ನೀರಿಗೆ ಸಾಲು ನಿಂತ ಕಥೆ, ಗಣಿ ಮುಚ್ಚಿದ ಮೇಲೆ ಮನೆ ನಡೆಸಿದ ಕಥೆ ಅವರ ಬಾಯಲ್ಲೇ ಕೇಳಬೇಕು. ಗಂಡಸರಿಗೆ ಅದರಲ್ಲಿ ಅರ್ಧವೂ ಗೊತ್ತಿರುವುದಿಲ್ಲ.

ಇದೇನು ಕನಸಿನ ಮಾತಲ್ಲ. ಕೆಜಿಎಫ್‌ನ ಆರಂಭದ ವರ್ಷಗಳಲ್ಲಿ ಮೇಲಿನ ಹುದ್ದೆಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ತಿಳಿದವರು ಬಹಳ ಜನ ಬಂದಿದ್ದರು. ಆ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳೂ ಮುಚ್ಚಿಹೋದವು. ಅಲ್ಲಿಯ ಗೀವರ್ ತವರದ ಗಣಿ ನಿಂತದ್ದು 1990ರಲ್ಲಿ, ಅಂದರೆ ನಮ್ಮದಕ್ಕಿಂತ ಹತ್ತು ಹನ್ನೊಂದು ವರ್ಷ ಮೊದಲು. ಕೆಲವೇ ವರ್ಷಗಳಲ್ಲಿ ಅದು ಮ್ಯೂಸಿಯಂ ಆಯಿತು. ಅಲ್ಲಿ ದುಡಿದವರೇ ಮಾರ್ಗದರ್ಶಿಗಳಾದರು. ಕೆಲಸಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆಯನ್ನೂ ಉಳಿಸಿಕೊಂಡು ತೋರಿಸುತ್ತಾರೆ. ಪಕ್ಕದ ಸಮುದ್ರ ತೀರದುದ್ದಕ್ಕೂ ಹಳೆಯ ಇಂಜಿನ್ ಮನೆಗಳನ್ನು ನೋಡುತ್ತಾ ಯಾರು ಬೇಕಾದರೂ ತಾವೇ ನಡೆದು ಹೋಗಬಹುದು. 2006ರಲ್ಲಿ ಆ ಇಡೀ ಗಣಿ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವೇಲ್ಸ್‌ನ ಬಿಗ್ ಪಿಟ್ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ, 1983ರಲ್ಲಿ ಜನರಿಗೆ ತೆರೆದುಕೊಂಡಿತು. ಅಲ್ಲೂ ಹಳೆಯ ಕೆಲಸಗಾರರೇ ಹೆಲ್ಮೆಟ್ ಹಾಕಿಸಿ 90 ಮೀಟರ್ ಕೆಳಗೆ ಇಳಿಸುತ್ತಾರೆ. ನಮ್ಮ ಗಣಿಯಲ್ಲಿ ಪಂಪು ನಿಂತು ನೀರು ತುಂಬಿದೆ. ಕೆಳಗೆ ಇಳಿಸಿ ಅಂತ ನಾನು ಕೇಳುತ್ತಿಲ್ಲ. ಮೇಲೆ ಇರುವುದನ್ನು ತೋರಿಸಿ ಸಾಕು.

ಮೇಲೆ ಏನಿದೆ? ರೈಲು ದಾರಿಯನ್ನೇ ನೋಡಿ. 1894ರಲ್ಲಿ ಗಣಿಗಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಲೈನಿನಲ್ಲಿ ಇವತ್ತೂ ರೈಲು ಓಡುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಪ್ರತಿ ಸ್ಟೇಷನ್ನೂ ಗಣಿಯ ಒಂದೊಂದು ಭಾಗ. ಬೆಳಗಿನ ಜಾವ ಸಾವಿರಾರು ಜನ ಇಲ್ಲಿಂದ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ವಾಪಸ್ ಬರುತ್ತಾರೆ. ಗಣಿ ಮುಚ್ಚಿದ ಮೇಲೆ ಈ ಊರನ್ನು ಸಾಕುತ್ತಿರುವುದು ಆ ರೈಲುಗಳೇ. ಪ್ರವಾಸಿಗರು ಬರುವುದು ಎದುರು ದಿಕ್ಕಿನಲ್ಲಿ. ಅವರಿಗೆ ಮಾರಿಕುಪ್ಪಂವರೆಗೆ ಟಿಕೆಟ್ ಕೊಡಿ. ಅಲ್ಲಿ ಇಳಿದು ನಕ್ಷೆ ಹಿಡಿದು ಚಾಂಪಿಯನ್‌ಗೆ, ಅಲ್ಲಿಂದ ಊರಿಗಾಂಗೆ ನಡೆಯಲಿ. ದಾರಿಯಲ್ಲಿ ಶಾಫ್ಟು, ಲೈನು, ಚರ್ಚು, ದೇವಸ್ಥಾನ, ಬುದ್ಧ ವಿಹಾರ, ಕಂಪನಿ ಆಸ್ಪತ್ರೆಯ ಕಟ್ಟಡ, ಕ್ಲಬ್ಬು ಎಲ್ಲ ಸಿಗುತ್ತವೆ. ಸಂಜೆಯ ರೈಲಿಗೆ ಊರಿಗಾಂನಲ್ಲಿ ಹತ್ತಿದರೆ ಆಯಿತು. ಭಾನುವಾರಕ್ಕೆ ರೈಲಿನ ಸಮಯ ಸ್ವಲ್ಪ ಹೊಂದಿಸಲು ರೈಲ್ವೆಯವರನ್ನು ಕೇಳಿ.

ಫಲಕಗಳು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಇರಲಿ. ಹೆಸರು, ಇಸವಿ ಬರೆದು ನಿಲ್ಲಿಸಬೇಡಿ. ‘ಇಲ್ಲಿ ಕೇಜ್ ಇಳಿಯುತ್ತಿತ್ತು, ಇಷ್ಟು ಜನ ಒಟ್ಟಿಗೆ ನಿಲ್ಲುತ್ತಿದ್ದರು, ಮೇಲೆ ಬಂದಾಗ ಹೀಗೆ ತಪಾಸಣೆ ನಡೆಯುತ್ತಿತ್ತು’ ಅಂತ ಬರೆಯಿರಿ. ಗಣಿಯಲ್ಲಿ ಸತ್ತವರ ಹೆಸರುಗಳು ಕಂಪನಿಯ ಹಳೆಯ ದಾಖಲೆಗಳಲ್ಲಿ ಎಷ್ಟು ಸಿಗುತ್ತವೋ ಅಷ್ಟನ್ನೂ ಒಂದು ಕಡೆ ಕಲ್ಲಿನಲ್ಲಿ ಕೆತ್ತಿಸಿ. ಸಾಹೇಬರ ಹೆಸರು ಪೇಟೆಗಳಿಗೇ ಇದೆಯಲ್ಲ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಅಂತ. ಕೆಳಗೆ ಇಳಿದು ಬಾರದವರ ಹೆಸರೂ ಓದಲು ಸಿಗಲಿ.

ದಿಬ್ಬಗಳ ವಿಷಯದಲ್ಲಿ ಅವಸರ ಇದೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಮಣ್ಣು 120 ವರ್ಷದಲ್ಲಿ ಗುಡ್ಡಗಳಾಗಿ ನಿಂತಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಊರಿಗೆ ಕೆಲಸ ಸಿಗುವುದಾದರೆ ಅದನ್ನು ನಾನು ವಿರೋಧಿಸುವುದಿಲ್ಲ. ಆಷಾಢದ ಗಾಳಿಗೆ ಆ ಧೂಳು ಮನೆಯೊಳಗೆ, ಅನ್ನದ ತಟ್ಟೆಯೊಳಗೆ ಬರುವುದನ್ನು ಅನುಭವಿಸುತ್ತಿರುವವರು ದಿಬ್ಬ ಹೋಗಲಿ ಅಂದರೆ ತಪ್ಪೇನು? ಆದರೆ ಆ ಕೆಲಸ ಶುರುವಾಗುವ ಮುಂಚೆ ಯಾವ ದಿಬ್ಬ, ಶಾಫ್ಟಿನ ಮೇಲೆ ಕಬ್ಬಿಣದ ಗೋಪುರದಂತೆ ನಿಂತ ಯಾವ ಹೆಡ್‌ಗೇರ್, ಯಾವ ಮಿಲ್ಲಿನ ಕಟ್ಟಡ ಉಳಿಯಬೇಕು ಅಂತ ಪಟ್ಟಿ ಆಗಲಿ. ಕಬ್ಬಿಣವನ್ನು ಗುಜರಿಗೆ ಹಾಕುವುದು ಬಹಳ ಸುಲಭ. ಕಳ್ಳರು ಈಗಾಗಲೇ ಎಷ್ಟೋ ಹೊತ್ತುಕೊಂಡು ಹೋಗಿದ್ದಾರೆ. ಮುಚ್ಚಿದ ಗಣಿಯೊಳಗೆ ಕದಿಯಲು ಇಳಿದು ಸತ್ತವರೂ ಇದ್ದಾರೆ. ಉಳಿದಿರುವ ಒಂದೊಂದು ಹೆಡ್‌ಗೇರ್‌ಗೂ ಕಾವಲು ಬೇಕು. ಪ್ರವಾಸಿಗರು ದಿಬ್ಬ ಹತ್ತದಂತೆ ಬೇಲಿ ಬೇಕು, ದೂರದಿಂದ ನೋಡಲು ಒಂದು ಜಾಗ ಬೇಕು. ಬಾಯಿ ತೆರೆದ ಶಾಫ್ಟುಗಳ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳಬೇಕು. ಇಷ್ಟೂ ಆಗದೆ ಪ್ರವಾಸ ಶುರು ಮಾಡಿ ಅಂತ ನಾನು ಕೇಳುವುದಿಲ್ಲ.

ಕೆಜಿಎಫ್‌ನ ಅಕ್ಕ, ಅಣ್ಣಂದಿರೇ, ನಿಮ್ಮ ಹತ್ತಿರವೂ ಒಂದು ಮಾತು. ನಿಮ್ಮ ಬಾಗಿಲ ಮುಂದೆ ಯಾರೋ ಕ್ಯಾಮೆರಾ ಹಿಡಿದು ನಿಲ್ಲುವುದು ನಿಮಗೆ ಬೇಡ ಅನ್ನುವುದು ನನಗೆ ಅರ್ಥವಾಗುತ್ತದೆ. ಮನೆಯ ಹಕ್ಕಿಗಾಗಿ, ಬರಬೇಕಾದ ಹಣಕ್ಕಾಗಿ ವರ್ಷಗಟ್ಟಲೆ ಅಲೆದವರ ಮುಂದೆ ಪ್ರವಾಸದ ಮಾತಾಡಿದರೆ ಸಿಟ್ಟೂ ಬರಬಹುದು. ಅದಕ್ಕೇ ಯಾವ ಬೀದಿಯಲ್ಲಿ ಜನ ನಡೆಯಬೇಕು, ಎಲ್ಲಿ ಫೋಟೊ ತೆಗೆಯಬಾರದು ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ಖಾಲಿ ಇರುವ ಒಂದು ಲೈನು ಮನೆಯನ್ನು ಇದ್ದ ಹಾಗೆಯೇ ಉಳಿಸಿ ತೋರಿಸಿದರೆ ಬದುಕಿರುವವರ ಮನೆಯೊಳಗೆ ಇಣುಕುವ ಅಗತ್ಯವೇ ಬರುವುದಿಲ್ಲ. ಅದರ ಪಕ್ಕದಲ್ಲೇ ಊಟ, ಟೀ ಮಾರುವ ಹಕ್ಕು ಅದೇ ಲೈನಿನ ಮಹಿಳಾ ಸಂಘಗಳಿಗೆ ಸಿಗಲಿ. ಟಿಕೆಟ್ ಹಣದ ಒಂದು ಪಾಲು ಸಿಲಿಕೋಸಿಸ್‌ನಿಂದ ನರಳುತ್ತಿರುವವರ ಔಷಧಿಗೆ ಹೋಗಲಿ. ಇದು ಸರ್ಕಾರದ ಆದೇಶದಲ್ಲೇ ಬರೆದಿರಬೇಕು, ಬಾಯಿಮಾತಿನಲ್ಲಿ ಬೇಡ.

ಅಧಿಕಾರಿಗಳೇ, ಜಮೀನು ಕೇಂದ್ರದ್ದು, ಪ್ರವಾಸೋದ್ಯಮ ರಾಜ್ಯದ್ದು, ಬೀದಿ ನಗರಸಭೆಯದ್ದು ಅನ್ನುವ ಕಾರಣಕ್ಕೆ ಈ ಕೆಲಸ ನಿಂತಿದೆ ಅಂತ ನನ್ನ ಅನಿಸಿಕೆ. ಮೂವರೂ ಒಂದು ದಿನ ಕೆಜಿಎಫ್‌ನಲ್ಲೇ ಕೂತು ಮಾತಾಡಿ. ಹಳೆಯ ಕಾರ್ಮಿಕ ಸಂಘಗಳವರನ್ನೂ ಕರೆಯಿರಿ. ಕೋಟಿಗಟ್ಟಲೆ ಹಣದ ಯೋಜನೆ ಮೊದಲೇ ಬೇಡ. ಒಂದು ನಕ್ಷೆ, ಹತ್ತಿಪ್ಪತ್ತು ಫಲಕ, ತರಬೇತಿ ಪಡೆದ ಕೆಲವು ಹಿರಿಯರು, ಅನುಮತಿ ಕೊಡುವ ಒಂದೇ ಒಂದು ಮೇಜು. ಇಷ್ಟರಿಂದ ಶುರು ಮಾಡಬಹುದು.

ಗಣಿ ಮುಚ್ಚಿದ ದಿನ ಫೆಬ್ರವರಿ 28. ಮೊದಲ ನಡಿಗೆಯನ್ನು ಬರುವ ಫೆಬ್ರವರಿ 28ರಂದು ಮಾರಿಕುಪ್ಪಂ ಸ್ಟೇಷನ್ನಿನಿಂದ ಇಡಿ. ದಿನ ಗೊತ್ತು ಮಾಡಿ ತಿಳಿಸಿದರೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳೆಲ್ಲ ಟಿಕೆಟ್ ತೆಗೆದುಕೊಂಡು ಬರುತ್ತಾರೆ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ಸಮಾಜ ವಿಜ್ಞಾನ ಮೇಷ್ಟ್ರು